ಕಿನ್ನಾಳದ ಗೊಂಬೆ, ತೆರೆಯೊಳಗಿನ ಕುರ್ಚಿ: ಯಾವುದು ಯಾರದು?

ನನ್ನ ತಮ್ಮ ಮೊಬೈಲ್ ಗೇಮೊಂದರಲ್ಲಿ ರೊಕ್ಕ ಕೊಟ್ಟು ತನ್ನ ಆಟಗಾರನಿಗೆ ಕೆಂಪು ಜಾಕೆಟ್ ಕೊಂಡಿದ್ದ. ಒಂದು ದಿನ ಖಾತೆ ಬಂದ್ ಆಯಿತು, ಜಾಕೆಟ್ಟೂ ಹೋಯಿತು. "ಅಕ್ಕಾ, ರೊಕ್ಕ ಕೊಟ್ಟೀನಿ. ಅದು ನಂದಲ್ಲೇನು?" ಅಂತ ಕೇಳಿದ. ಕೊಪ್ಪಳದಲ್ಲಿ ನಾವು ನಾಲ್ಕೈದು ಮಂದಿ ಕೂಡಿ ಕಾಪಿರೈಟ್ ಪಾಠ ಓದುವಾಗ ನನ್ನ ತಲೆಯಲ್ಲಿ ಅದೇ ಪ್ರಶ್ನೆ ಕೊರೆಯುತ್ತಿತ್ತು. ಈ ಟಿಪ್ಪಣಿ ಅದಕ್ಕೇ.

ಮೊದಲು ಕೈಗೆ ಸಿಗುವ ವಸ್ತು ನೋಡೋಣ. ನಮ್ಮ ಮನೆಯಲ್ಲಿ ಕಿನ್ನಾಳದ ಗೊಂಬೆಯೊಂದಿದೆ. ಹಗುರ ಕಟ್ಟಿಗೆ, ಹುಣಸೆಬೀಜದ ಅಂಟು, ಮೇಲೆ ಹೊಳೆಯುವ ಬಣ್ಣ. ಅದನ್ನು ನಾನು ಗೆಳತಿಯ ಮದುವೆಗೆ ಉಡುಗೊರೆ ಕೊಡಬಹುದು, ಬೇಕಾದರೆ ಮಾರಬಹುದು, ಮಾಡಿದವರನ್ನು ಕೇಳಬೇಕಿಲ್ಲ. ಆದರೆ ಆ ಗೊಂಬೆಯ ರೂಪ ಕಲಾವಿದರು ತಾವೇ ಹೊಸದಾಗಿ ಕಲ್ಪಿಸಿದ್ದಾದರೆ, ಅಚ್ಚು ತೆಗೆದು ನೂರು ಗೊಂಬೆ ಮಾಡುವ ಹಕ್ಕು ನನಗೆ ಬಂದಿಲ್ಲ. ವಸ್ತುವಿನ ಒಡೆತನ ಬೇರೆ, ರೂಪದ ಒಡೆತನ ಬೇರೆ. ಪುಸ್ತಕಕ್ಕೂ ಹೀಗೆಯೇ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಅಧಿನಿಯಮದ 14ನೇ ಕಲಮಿನಲ್ಲಿ ಪ್ರತಿಗಳನ್ನು ಜನರಿಗೆ ಹಂಚುವ ಹಕ್ಕು ಲೇಖಕರಿಗಿದೆ, ಆದರೆ ಆಗಲೇ ಚಲಾವಣೆಗೆ ಬಂದ ಪ್ರತಿಗಳನ್ನು ಅದರಿಂದ ಹೊರಗಿಟ್ಟಿದೆ. ಹಳೇ ಪುಸ್ತಕದ ಅಂಗಡಿಗಳು ನಿಂತಿರುವುದು ಆ ಸಾಲಿನ ಮೇಲೆ.

ಈಗ ಮೊಬೈಲ್, ಕಂಪ್ಯೂಟರಿನ ತೆರೆಯೊಳಗೆ ಬನ್ನಿ. ಅಲ್ಲಿ ಕುರ್ಚಿ ಅಂದರೆ ಕಂಪನಿಯ ಸರ್ವರಿನಲ್ಲಿರುವ ಒಂದು ದಾಖಲೆ. ನಾನು ನಿಮಗೆ "ಕೊಟ್ಟೆ" ಅಂದರೆ ನಿಮ್ಮ ಹೆಸರಿನಲ್ಲಿ ಹೊಸ ನಮೂದು ಬರೆದು ನನ್ನದನ್ನು ಅಳಿಸಿದ್ದು, ಅಷ್ಟೇ. ಅಳಿಸದೆ ಬಿಟ್ಟರೆ ಕುರ್ಚಿ ಎರಡಾಯಿತು. ಕಟ್ಟಿಗೆಯ ಗೊಂಬೆಗೆ ತಾನಾಗಿಯೇ ಇರುವ ಗಡಿಯನ್ನು ಇಲ್ಲಿ ಯಾರಾದರೂ ನಿಯಮ ಮಾಡಿ ಹಾಕಬೇಕು. ಇದು ಮನಸ್ಸಿಗೆ ಕೂತರೆ ಉಳಿದದ್ದು ಸಲೀಸು.

ಆ ನಿಯಮವನ್ನು ಚೆನ್ನಾಗಿ ನೋಡಬೇಕೆಂದರೆ 2003ರಲ್ಲಿ ಶುರುವಾದ ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಲೋಕ ನೋಡಿ. ಅಲ್ಲಿ ಮನೆ, ಬಟ್ಟೆ, ಕುರ್ಚಿ ಎಲ್ಲವನ್ನೂ ಬಳಕೆದಾರರೇ ಮಾಡಿ ಮಾರುತ್ತಾರೆ. ಮಾರುವವರು ಮುಂದಿನ ಒಡೆಯರಿಗೆ ಮೂರು ಅನುಮತಿಗಳನ್ನು ಕೊಡಬಹುದು ಅಥವಾ ತಡೆಹಿಡಿಯಬಹುದು: ಕಾಪಿ (ನಕಲು ಮಾಡುವುದು), ಮಾಡಿಫೈ (ಬದಲಿಸುವುದು), ಟ್ರಾನ್ಸ್‌ಫರ್ (ಬೇರೆಯವರಿಗೆ ಕೊಡುವುದು). ಕುರ್ಚಿಗೆ ಕಾಪಿ ಕೊಟ್ಟು ಟ್ರಾನ್ಸ್‌ಫರ್ ತಡೆದರೆ, ನನ್ನ ಮನೆಯಲ್ಲಿ ಹತ್ತು ಕುರ್ಚಿ ಹಾಕಿಕೊಳ್ಳಬಹುದು, ಒಂದನ್ನೂ ನಿಮಗೆ ಕೊಡಲಾರೆ. ಕಾಪಿ ತಡೆದು ಟ್ರಾನ್ಸ್‌ಫರ್ ಕೊಟ್ಟರೆ ಅದು ಗೊಂಬೆಯಂತೆ ಒಂದೇ ಒಂದು, ಕೊಟ್ಟರೆ ಕೈಬಿಟ್ಟಿತು. ಎರಡನ್ನೂ ಕೊಟ್ಟರೆ ಕೊಂಡವರೆಲ್ಲ ಪುಕ್ಕಟೆ ಹಂಚಬಹುದು, ಮಾರಿದವರ ವ್ಯಾಪಾರ ಮುಗಿಯಿತು. ಎರಡನ್ನೂ ಒಟ್ಟಿಗೆ ತಡೆಯಲು ಮಾತ್ರ ಆ ವ್ಯವಸ್ಥೆಯೇ ಬಿಡುವುದಿಲ್ಲ. ಕಾಪಿ ತಡೆದರೆ ಟ್ರಾನ್ಸ್‌ಫರ್ ಇರಲೇಬೇಕು. ನನಗೆ ಬಹಳ ಹಿಡಿಸಿದ ನಿಯಮ ಇದು. ಕೊಂಡವರ ಕೈ ಪೂರ್ತಿ ಕಟ್ಟಿಹಾಕುವ ಹಾಗಿಲ್ಲ.

ಆದರೆ ಈ ಅನುಮತಿಯ ಗುರುತುಗಳು ಬೀಗವಷ್ಟೇ, ಕಾನೂನಲ್ಲ. 2006ರ ನವೆಂಬರಿನಲ್ಲಿ ಕಾಪಿಬಾಟ್ ಎಂಬ ತಂತ್ರಾಂಶ ಅಲ್ಲಿಗೆ ಬಂತು. ಅನುಮತಿ ಇಲ್ಲದ ವಸ್ತುಗಳನ್ನೂ ಅದು ನಕಲು ಮಾಡಿತು, ಎಷ್ಟೋ ವ್ಯಾಪಾರಿಗಳು ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಕಾರಣ ಸರಳ: ಕುರ್ಚಿ ನನ್ನ ತೆರೆಯ ಮೇಲೆ ಕಾಣಬೇಕಾದರೆ ಅದರ ಆಕಾರ, ಬಣ್ಣ, ಮೇಲ್ಮೈಯ ಚಿತ್ರ ನನ್ನ ಕಂಪ್ಯೂಟರಿಗೆ ಬರಲೇಬೇಕು. ಬಂದದ್ದನ್ನು ಎತ್ತಿಡಬಹುದು. ವಸ್ತುವಿನೊಳಗಿನ ಸ್ಕ್ರಿಪ್ಟ್, ಅಂದರೆ ಅದನ್ನು ಆಡಿಸುವ ಕೋಡ್, ಸರ್ವರಿನಲ್ಲೇ ಓಡುತ್ತದೆ, ಹಾಗಾಗಿ ಅದು ಆ ನಕಲಿಗೆ ಸಿಗಲಿಲ್ಲ.

ಬೀಗ ಮುರಿದ ಮಾತ್ರಕ್ಕೆ ಹಕ್ಕು ಬದಲಾಗುವುದಿಲ್ಲ. ಬಳಕೆದಾರರು ಮಾಡಿದ್ದರ ಬೌದ್ಧಿಕ ಹಕ್ಕು ಅವರದೇ ಎಂದು ಸೆಕೆಂಡ್ ಲೈಫ್ ನಡೆಸುವ ಲಿಂಡೆನ್ ಲ್ಯಾಬ್ 2003ರಲ್ಲೇ ಸಾರಿತ್ತು. ನಮ್ಮ ಕಾನೂನಿನಲ್ಲೂ 2012ರ ತಿದ್ದುಪಡಿ ತಂದ 65ಎ ಕಲಮಿನ ಪ್ರಕಾರ, ಹಕ್ಕು ಮುರಿಯುವ ಉದ್ದೇಶದಿಂದ ಇಂಥ ತಾಂತ್ರಿಕ ಬೀಗ ಒಡೆಯುವುದು ಅಪರಾಧ. ಪರೀಕ್ಷೆಯಲ್ಲಿ ಬೀಗವನ್ನೂ ಹಕ್ಕನ್ನೂ ಒಂದೇ ಎಂದು ಬರೆಯಬೇಡಿ. ನಾನೂ ಮೊದಲು ಹಾಗೇ ಬರೆದಿದ್ದೆ.

ಹಾಗಾದರೆ ತಮ್ಮನ ಜಾಕೆಟ್? ರೂಪದ ಹಕ್ಕು ಕಂಪನಿಯದು, ದಾಖಲೆ ಇರುವುದು ಕಂಪನಿಯ ಸರ್ವರಿನಲ್ಲಿ, ಇಂಥ ಗೇಮುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬಳಸುವ ಪರವಾನಗಿ ಮಾತ್ರ. "ಖರೀದಿಸಿ" ಎಂಬ ಗುಂಡಿ ಅದನ್ನು ಮುಚ್ಚಿಡುತ್ತದೆ, ನನ್ನ ತಕರಾರು ಅದರ ಮೇಲೆಯೇ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಜಾರಿಯಾದ ಕಾನೂನಿನ ಪ್ರಕಾರ, ಕೊಡುತ್ತಿರುವುದು ಪರವಾನಗಿ ಎಂದು ಸ್ಪಷ್ಟವಾಗಿ ಹೇಳದೆ ಡಿಜಿಟಲ್ ವಸ್ತುವಿಗೆ "ಖರೀದಿಸಿ" ಎಂಬ ಮಾತು ಬಳಸುವಂತಿಲ್ಲ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2012ರಲ್ಲಿ ಶಾಶ್ವತ ಬಳಕೆಗೆ ಮಾರಿದ ತಂತ್ರಾಂಶದ ಮರುಮಾರಾಟಕ್ಕೆ ದಾರಿ ಬಿಟ್ಟಿತು, 2019ರಲ್ಲಿ ಇ-ಪುಸ್ತಕಗಳಿಗೆ ಬಿಡಲಿಲ್ಲ.

ಹಾಗಂತ ತೆರೆಯೊಳಗಿನದು ವಸ್ತುವೇ ಅಲ್ಲ ಅಂತಲೂ ಅನ್ನಲಾಗದು. ನೆದರ್ಲೆಂಡ್ಸಿನಲ್ಲಿ ಇಬ್ಬರು ಹುಡುಗರು ಇನ್ನೊಬ್ಬ ಹುಡುಗನನ್ನು ಹೊಡೆದು, ರೂನ್‌ಸ್ಕೇಪ್ ಆಟದೊಳಗಿನ ಅವನ ತಾಯಿತ ಮತ್ತು ಮುಖವಾಡ ಕಿತ್ತುಕೊಂಡಿದ್ದರು. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಅದನ್ನು ಕಳವೆಂದೇ ಎತ್ತಿಹಿಡಿಯಿತು. ಹುಡುಗ ಸಮಯ, ಶ್ರಮ ಹಾಕಿ ಗಳಿಸಿದ್ದು, ಅವು ಅವನ ಹಿಡಿತದಲ್ಲಿದ್ದವು, ಕಿತ್ತ ಮೇಲೆ ಹಿಡಿತ ತಪ್ಪಿತು. ಇದು ಅದರ ತರ್ಕ. ಇದು ಆಟಗಾರ ಆಟಗಾರನಿಂದ ಕಿತ್ತ ಪ್ರಕರಣ, ಕಂಪನಿ ಖಾತೆ ಮುಚ್ಚಿದ್ದಕ್ಕೆ ನೇರವಾಗಿ ಹೊಂದದು. ಆದರೂ ಇದನ್ನು ಓದಿ ಹೇಳಿದಾಗ ತಮ್ಮನ ಮುಖ ಒಂಚೂರು ಅರಳಿತು.

ಹೋದ ವಾರ ನಮ್ಮ ಗುಂಪಿನ ಗೆಳತಿಯೊಬ್ಬಳು ಕಿನ್ನಾಳದ ಒಂದು ಹೊಸ ಗೊಂಬೆಯನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಸೆಕೆಂಡ್ ಲೈಫಿನಂಥ ಲೋಕದಲ್ಲಿ ಮಾರುವ ಯೋಚನೆ ಹೇಳಿದಳು. "ಗೊಂಬಿ ನಾ ಕೊಂಡೀನಲ್ಲ" ಅಂದಳು. ಕಲಾಕೃತಿಯನ್ನು ವಿದ್ಯುನ್ಮಾನ ರೂಪದಲ್ಲಿ ಶೇಖರಿಸುವುದೂ ನಕಲೇ ಎಂದು 14ನೇ ಕಲಂ ಹೇಳುತ್ತದೆ, ಆದ್ದರಿಂದ ಕಲಾವಿದರ ಒಪ್ಪಿಗೆ ಬೇಕು, ಅದೂ ಬರಹದಲ್ಲಿ. ಅವಧಿ ಬರೆಯದಿದ್ದರೆ 19ನೇ ಕಲಮಿನಂತೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ತೆರೆಯೊಳಗಿನ ಅಂಗಡಿಗೋ ಗಿರಾಕಿಗಳು ಎಲ್ಲ ದೇಶದವರು. ಅವಳು ನೋಟ್‌ಬುಕ್ಕಿನ ಹಾಳೆ ಹರಿದು ಯಾವ ಗೊಂಬೆ, ಎಷ್ಟು ವರ್ಷ, ಯಾವ ದೇಶಗಳು, ಮಾರಿದ ಪ್ರತಿಯೊಂದಕ್ಕೆ ಕಲಾವಿದರಿಗೆ ಎಷ್ಟು ಎಂದು ಬರೆದುಕೊಂಡಳು. ಕೊನೆಯ ಸಾಲಿನ ಮುಂದೆ ಮೊತ್ತ ಖಾಲಿ ಬಿಟ್ಟಿದ್ದಾಳೆ, ಭಾನುವಾರ ಕಿನ್ನಾಳಕ್ಕೆ ಹೋಗಿ ಅವರನ್ನೇ ಕೇಳುತ್ತಾಳಂತೆ.