ಬೆಳಗಿನ ನಾಲ್ಕು ತಾಸು

ಹೋದ ವರ್ಷ ಆಯ್ಕೆಪಟ್ಟಿ ಹೊರಬಿದ್ದ ಮರುದಿನವೇ ಕುಷ್ಟಗಿ ಕಡೆಯ ತಂದೆಯೊಬ್ಬರು ಕೊಪ್ಪಳದ ನಮ್ಮ ಕಚೇರಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಾಳೆಹಣ್ಣು, ಹಿಂದೆಯೇ ಊರಿನ ಫೋಟೊಗ್ರಾಫರ್. ‘ಮೇಡಂ, ಚೆಕ್ ಯಾವ ದಿನ ಕೊಡುತ್ತೀರಿ? ಸ್ವಾಮಿಗಳನ್ನು ಕರೆಯಬೇಕು, ಬ್ಯಾನರ್ ಕಟ್ಟಿಸಬೇಕು’ ಎಂದರು. ಚೆಕ್ಕೂ ಇಲ್ಲ, ಸಮಾರಂಭವೂ ಇಲ್ಲ, ತಿಂಗಳು ತಿಂಗಳು ಮಗಳ ಖಾತೆಗೆ ಹಣ ಜಮೆಯಾಗುತ್ತದೆ ಎಂದೆ. ಅವರ ಮುಖ ಬಾಡಿತು. ‘ಹಾಗಾದರೆ ನನ್ನ ಮಗಳು ಗೆದ್ದದ್ದು ಏನು?’

ಹನ್ನೊಂದು ವರ್ಷಗಳಿಂದ ನಾನು ಒಂದು ಸಣ್ಣ ಟ್ರಸ್ಟಿನ ಪರವಾಗಿ ಹಿಂದೂಸ್ತಾನಿ ಸಂಗೀತದ ಎಳೆಯ ಕಲಾವಿದರ ಶಿಷ್ಯವೇತನವನ್ನು ನೋಡಿಕೊಳ್ಳುತ್ತಿದ್ದೇನೆ. ಅರ್ಜಿ ತುಂಬುವುದು, ಗುರುಗಳ ಪತ್ರ ತರುವುದು, ಖಾತೆಗೆ ಆಧಾರ್ ಜೋಡಿಸುವುದು, ಇವನ್ನೆಲ್ಲ ನಮ್ಮ ಮಕ್ಕಳು ನನಗಿಂತ ಚೆನ್ನಾಗಿ ಮಾಡುತ್ತಾರೆ. ಈ ‘ಗೆದ್ದದ್ದು’ ಎಂಬ ಮಾತು ಮಾತ್ರ ವರ್ಷವರ್ಷವೂ ನನ್ನ ಮೇಜಿನ ಮುಂದೆ ಬಂದು ಕೂರುತ್ತದೆ. ತಂದೆತಾಯಿಗಳು ಹೇಳುತ್ತಾರೆ, ದಾನಿಗಳು ಹೇಳುತ್ತಾರೆ, ಸಂಗೀತ ಬಲ್ಲ ಮೇಷ್ಟರುಗಳೂ ಹೇಳುತ್ತಾರೆ. ಆದ್ದರಿಂದ ಇನ್ನೊಮ್ಮೆ ಬಿಡಿಸಿ ಬರೆಯುತ್ತೇನೆ.

ಬಹುಮಾನವೆಂದರೆ ಆಗಿಹೋದ ಕೆಲಸಕ್ಕೆ ಕೊಡುವ ಗೌರವ. ಅದು ಕೈಗೆ ಬಂದ ಮೇಲೆ ಏನು ಮಾಡಿದರೂ ಕೇಳುವವರಿಲ್ಲ. ಶಿಷ್ಯವೇತನ ಇನ್ನೂ ಆಗಬೇಕಾದ ಕೆಲಸಕ್ಕೆ ಬೇಕಾಗುವ ಹೊತ್ತಿನ ಬೆಲೆ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಇಪ್ಪತ್ತೊಂದರ ಹುಡುಗನೊಬ್ಬ ಬೆಳಿಗ್ಗೆ 8ಕ್ಕೆ ಮನೆ ಬಿಟ್ಟರೆ ರಾತ್ರಿ 8ಕ್ಕೆ ಮರಳುತ್ತಿದ್ದ. ಉಂಡು ತಂಬೂರಿ ಹಿಡಿದರೆ ಅರ್ಧ ತಾಸಿಗೆಲ್ಲ ತೂಕಡಿಕೆ. ಅವನ ಕಂಠದಲ್ಲಿ ಕೊರತೆಯಿರಲಿಲ್ಲ, ದಿನದಲ್ಲಿ ಕೊರತೆಯಿತ್ತು. ನಾವು ಅವನಿಗೆ ಹೇಳಿದ್ದು ಇಷ್ಟೇ: ಗಿರಣಿಗೆ ಮಧ್ಯಾಹ್ನದ ಮೇಲೆ ಹೋಗು, ತಪ್ಪುವ ಅರ್ಧ ದಿನದ ಪಗಾರವನ್ನು ನಾವು ತುಂಬಿಕೊಡುತ್ತೇವೆ, ಬೆಳಗಿನ ನಾಲ್ಕು ತಾಸನ್ನು ರಿಯಾಜಿಗೆ, ಅಂದರೆ ಹಾಡಿನ ಅಭ್ಯಾಸಕ್ಕೆ, ಇಟ್ಟುಕೋ. ನಮ್ಮ ಮೊತ್ತ ನಿಗದಿಯಾದದ್ದೇ ಈ ಲೆಕ್ಕದಲ್ಲಿ. ಹಣವನ್ನೂ ಪಡೆದು ಗಿರಣಿಗೂ ಇಡೀ ದಿನ ಹೋದರೆ ಮನೆಗೆ ನಾಲ್ಕು ಕಾಸು ಹೆಚ್ಚು ಬಂತು, ನಿಜ. ಆದರೆ ನಾವು ಕೊಳ್ಳಹೊರಟ ಬೆಳಗು ಯಾರಿಗೂ ಸಿಗಲಿಲ್ಲ.

ಬಡವರ ಮನೆಗೆ ಬಂದ ಹಣಕ್ಕೆ ಇಷ್ಟೊಂದು ಷರತ್ತೇಕೆ ಎಂದು ಕೇಳುವವರಿದ್ದಾರೆ. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಹಣ ಹೇಗೆ ಬರುತ್ತದೆ ಎಂಬುದರ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬುದು ನಿಂತಿದೆ. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವಯಸ್ಸಿನ ಯುವ ಕಲಾವಿದರಿಗೆ ಕೊಡುವ ವಿದ್ಯಾರ್ಥಿವೇತನವನ್ನೇ ನೋಡಿ. ತಿಂಗಳಿಗೆ 5,000 ರೂಪಾಯಿಯಂತೆ 2 ವರ್ಷ. ಆದರೆ ಕೈಸೇರುವುದು ಆರು ತಿಂಗಳಿಗೊಮ್ಮೆ, ನಾಲ್ಕು ಕಂತುಗಳಲ್ಲಿ. ಯೋಜನೆ ಒಳ್ಳೆಯದು, ಅರ್ಹತೆಯಿದ್ದವರು ತಪ್ಪದೆ ಅರ್ಜಿ ಹಾಕಬೇಕು. ಆಯಾ ವರ್ಷದ ಅಧಿಸೂಚನೆಯನ್ನು ಓದಿಯೇ ಹಾಕಬೇಕು. ಆದರೆ ಒಂದೇ ದಿನ 30,000 ಬಂದು ಬಿದ್ದಾಗ ಅದು ಯಾರ ಕಣ್ಣಿಗೂ ಆರು ತಿಂಗಳ ಬೆಳಗಿನಂತೆ ಕಾಣುವುದಿಲ್ಲ. ಬೋರ್‌ವೆಲ್ ಮೋಟರಿನಂತೆ ಕಾಣುತ್ತದೆ, ಅಕ್ಕನ ಮದುವೆಯ ಖರ್ಚಿನಂತೆ ಕಾಣುತ್ತದೆ. ನನಗೆ ಗೊತ್ತಿರುವ ಒಬ್ಬ ಹುಡುಗ ಮೊದಲ ಕಂತಿನಲ್ಲಿ ಸೌಂಡ್ ಸಿಸ್ಟಂ ಕೊಂಡ. ಕೊಂಡ ಮೇಲೆ ಅದಕ್ಕೆ ದುಡಿಮೆ ಬೇಕಲ್ಲ, ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾಕ್ಕೆ ಸೇರಿದ. ರಾತ್ರಿ 2ರವರೆಗೆ ಹಾಡಿದವನು ನಸುಕಿನಲ್ಲಿ ಖರ್ಜದ, ಅಂದರೆ ಕೆಳಸ್ಥಾಯಿಯ ಸ್ವರಗಳ, ಸಾಧನೆಗೆ ಏಳುವುದುಂಟೇ? ಹುಡುಗ ಕೆಟ್ಟವನಲ್ಲ. ಈ ಹಣ ಯಾತಕ್ಕೆಂದು ಅವನನ್ನು ಕೂರಿಸಿಕೊಂಡು ಯಾರೂ ಹೇಳಿರಲಿಲ್ಲ. ಅದಾದ ಮೇಲೆ ನಾನು ನಮ್ಮ ಟ್ರಸ್ಟಿನಲ್ಲಿ ಹಟ ಹಿಡಿದು ತಿಂಗಳ ಪಾವತಿ ತಂದೆ.

ಇದರಲ್ಲಿ ಹೊಸದೇನೂ ಇಲ್ಲ. ನಮ್ಮ ಪಕ್ಕದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಮಾಡಿದ್ದು ಇದನ್ನೇ. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ ಕೊಟ್ಟರು, ಮಲಗಲು ಜಾಗ ಕೊಟ್ಟರು, ಸಂಗೀತ ಕೊಟ್ಟರು. ಆ ಊಟವನ್ನು ಯಾರಾದರೂ ಬಹುಮಾನ ಎಂದರೇ? ಆ ರೊಟ್ಟಿ ಆ ಮಗುವಿನ ಇಡೀ ದಿನವನ್ನು ಬಿಡಿಸಿಕೊಟ್ಟಿತು. ಕೂಲಿಗೆ ಹೋಗಬೇಕಾಗಿದ್ದ ಹೊತ್ತು ಸ್ವರಕ್ಕೆ ಬಂತು. ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಇವತ್ತು ಮಕ್ಕಳಿಗೆ ಸರಿಗಮ ಹೇಳಿಕೊಡುತ್ತಿರುವ ಮೇಷ್ಟರುಗಳು ಆ ಊಟ ಉಂಡವರು. ದಾನಿಗಳ ಮುಂದೆ ಕೂತಾಗ ನಾನು ಲೆಕ್ಕಪತ್ರಕ್ಕಿಂತ ಮೊದಲು ಈ ಮಾತನ್ನೇ ತೆಗೆಯುತ್ತೇನೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತರು. ಮಲ್ಲಿಕಾರ್ಜುನ ಮನ್ಸೂರರು ಗ್ರಾಮಫೋನ್ ತಟ್ಟೆಗಳು ಬಂದು ಹೆಸರಾದ ಮೇಲೂ ಮಂಜಿ ಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. ಕಲಿಕೆಗೆ ಹಿಡಿಯುವ ಹೊತ್ತು ಆಗಲೂ ಅಷ್ಟೇ ಇತ್ತು, ಈಗಲೂ ಅಷ್ಟೇ ಇದೆ.

ವೇದಿಕೆಯ ಮಾತು. ಜನವರಿಯಲ್ಲಿ ಗವಿಮಠದ ಜಾತ್ರೆ ಹತ್ತಿರ ಬಂದಂತೆ ನಮ್ಮ ಹುಡುಗರ ಫೋನು ಬಿಡುವಿಲ್ಲದೆ ರಿಂಗಣಿಸುತ್ತದೆ. ಅಲ್ಲೊಂದು ಭಕ್ತಿಗೀತೆ, ಇಲ್ಲೊಂದು ವಚನ ಗಾಯನ. ಹಾಡಲೇಬೇಡಿ ಎಂದು ನಾನು ಹೇಳುವುದಿಲ್ಲ. ಜನರೆದುರು ಹಾಡದೆ ಕಲಾವಿದನಾಗುವುದೂ ಇಲ್ಲ. ಯಾರು ಯಾವಾಗ ವೇದಿಕೆ ಹತ್ತಬೇಕೆಂಬುದು ಗುರುಗಳ ಮಾತು, ವ್ಯವಸ್ಥೆ ನೋಡಿಕೊಳ್ಳುವ ನನ್ನ ಮಾತಲ್ಲ. ದಿನಕ್ಕೆ ನಾಲ್ಕು ತಾಸು ಎಲ್ಲ ಕಂಠಕ್ಕೂ ಹೊಂದುತ್ತದೆಂದೂ ಹೇಳಲಾರೆ. ಧ್ವನಿ ಒಡೆದು ವಾರವಾದರೂ ಸರಿಹೋಗದಿದ್ದರೆ ರಿಯಾಜು ನಿಲ್ಲಿಸಿ ಗಂಟಲು ವೈದ್ಯರಿಗೆ ತೋರಿಸಿ, ಶಿಷ್ಯವೇತನ ತಪ್ಪುತ್ತದೆಂದು ಹೆದರಬೇಡಿ. ಕೂತು ಕೇಳುವುದೂ ರಿಯಾಜೇ.

ಇನ್ನು ದಾನಿಗಳು. ಅವರಿಲ್ಲದೆ ನಾವಿಲ್ಲ, ಅವರ ಮೇಲೆ ನನಗೆ ಪ್ರೀತಿಯಿದೆ. ಆದರೂ ಆರು ತಿಂಗಳ ವರದಿ ಓದಿ ಒಬ್ಬ ಹಿರಿಯರು ಕೇಳಿದ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು. ಅದು ಆ ಕುಷ್ಟಗಿ ಹುಡುಗಿಯ ವರದಿಯೇ. ‘ಆರು ತಿಂಗಳಲ್ಲಿ ಎರಡೇ ರಾಗವೇ? ಅದೂ ಎರಡಕ್ಕೂ ಅವೇ ಐದು ಸ್ವರ!’ ಸ್ವರದ ಮಾತು ನಿಜ. ಭೂಪಕ್ಕೂ ದೇಶಕಾರಕ್ಕೂ ಸ, ರಿ, ಗ, ಪ, ಧ ಅಷ್ಟೇ. ಮಧ್ಯಮ, ನಿಷಾದ ಎರಡರಲ್ಲೂ ಇಲ್ಲ. ಆದರೆ ಭೂಪ ಸಂಜೆಯ ರಾಗ, ಅದರ ಮನೆ ಗಂಧಾರದಲ್ಲಿ. ದೇಶಕಾರ ಬೆಳಗಿನ ರಾಗ, ಧೈವತದಲ್ಲಿ ನೆಲೆನಿಂತು ಮೇಲಿನ ಅರ್ಧದಲ್ಲೇ ಹೆಚ್ಚು ಓಡಾಡುತ್ತದೆ. ಹಾಡುತ್ತ ಹಾಡುತ್ತ ಕಾಲು ಜಾರಿದರೆ ಒಂದು ಇನ್ನೊಂದರ ಅಂಗಳಕ್ಕೆ ಹೋಗಿ ಬೀಳುತ್ತದೆ. ಹಾಗೆ ಬೀಳದಂತೆ ನಡೆಯಲು ಕಲಿಯುವುದಕ್ಕೆ ತಿಂಗಳುಗಳು ಬೇಕು. ಅವಳು ಇಪ್ಪತ್ತು ರಾಗಗಳ ಪಟ್ಟಿ ಕೊಟ್ಟಿದ್ದರೆ ನನಗೆ ಚಿಂತೆಯಾಗುತ್ತಿತ್ತು. ಹಿರಿಯರಿಗೆ ಇದನ್ನೇ ಹೇಳಿದೆ, ಅವಳ ದಿನಚರಿಯನ್ನೂ ಮುಂದಿಟ್ಟೆ.

ಶಿಷ್ಯವೇತನ ಪಡೆಯುವ ಪ್ರತಿಯೊಬ್ಬರೂ ನಮಗೆ ಒಂದು ದಿನಚರಿ ಕೊಡಬೇಕು. ಅಂಗಡಿಯಲ್ಲಿ ಸಿಗುವ ಇನ್ನೂರು ಪುಟದ ಗೆರೆ ನೋಟ್‌ಬುಕ್ ಸಾಕು. ಅವಳದಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆಯ ಹೊದಿಕೆ. ಮೊದಲ ತಿಂಗಳುಗಳಲ್ಲಿ ಪ್ರತಿ ಪುಟವೂ ಒಂದೇ ರೀತಿ: ‘4:45ರಿಂದ 5:40 ಖರ್ಜ. 5:40ರಿಂದ 7 ಎಮ್ಮೆ, ಹಾಲು, ಡೇರಿ. 7:15 ದೇಶಕಾರ. ತಂಬೂರಿ ಮತ್ತೆ ಕೂಡಿಸಬೇಕಾಯಿತು. ಧೈವತ ನಿಲ್ಲುತ್ತಿಲ್ಲ, ಭೂಪವೇ ಬರುತ್ತಿದೆ.’ ಆ ನಡುವಿನ ಒಂದು ತಾಸು ಇಪ್ಪತ್ತು ನಿಮಿಷ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಹೊಂದಿಸಿದ ಶ್ರುತಿ, ಕಾದ ಕಂಠ ಎರಡನ್ನೂ ಬಿಟ್ಟು ಎದ್ದು ಹೋಗಿ ತಣ್ಣಗಾದ ಮೇಲೆ ಮತ್ತೆ ಕೂರಬೇಕು. ಹಾಗೆಂದು ಮನೆಗೆಲಸ ಬಿಡು ಎಂದು ಆ ಮನೆಯ ಮಗಳಿಗೆ ನಾನು ಹೇಗೆ ಹೇಳಲಿ? ಅವಳ ತಂದೆ ಫೋನ್ ಮಾಡಿದಾಗಲೆಲ್ಲ ಈ ನಾಲ್ಕು ತಾಸಿನ ಲೆಕ್ಕವನ್ನೇ ಹೇಳುತ್ತಿದ್ದೆ. ಅವರು ‘ಆಯಿತು ಮೇಡಂ’ ಎಂದು ಬ್ಯಾನರಿನ ಮಾತಿಗೇ ಬರುತ್ತಿದ್ದರು.

ಕಳೆದ ತಿಂಗಳ ದಿನಚರಿ ಮೊನ್ನೆ ಬಂತು. 9ನೇ ತಾರೀಖಿನ ಪುಟ: ‘4:40ರಿಂದ 6:15 ಖರ್ಜ, ಪಲ್ಟಾ. 6:20ರಿಂದ 8:50 ದೇಶಕಾರ, ವಿಲಂಬಿತ. ಎದ್ದಿಲ್ಲ. ಹಾಲು ಹಿಂಡಿದ್ದು ಅಪ್ಪ.’