ಕೈಜೂ: ಊರು ಕೆಡವದಿದ್ದರೂ ಅದೇ ಹೆಸರು

ಕೈಜೂ ಅಂದರೇನು ಅಂತ ಕೇಳಿದರೆ ಸಿನಿಮಾ ನೋಡುವವರು ಥಟ್ಟನೆ ಹೇಳುವುದು ಒಂದೇ: ಗಾಡ್ಜಿಲ್ಲಾ ಥರದ್ದು. ಕಟ್ಟಡದಷ್ಟು ಎತ್ತರದ, ರೈಲು ಡಬ್ಬಿಯನ್ನು ಬಾಯಲ್ಲಿ ಕಚ್ಚುವ, ಊರನ್ನೇ ತುಳಿದು ಪುಡಿ ಮಾಡುವ ಪ್ರಾಣಿ. ತಪ್ಪೇನಲ್ಲ. ಆದರೆ ಪದವನ್ನು ಬಿಡಿಸಿ ನೋಡಿದರೆ ಅದರೊಳಗೆ ಎತ್ತರವೂ ಇಲ್ಲ, ಊರೂ ಇಲ್ಲ.

ಜಪಾನಿನಲ್ಲಿ ಇದನ್ನು ಎರಡು ಅಕ್ಷರಗಳಲ್ಲಿ ಬರೆಯುತ್ತಾರೆ. ಮೊದಲನೆಯದು ‘ಕೈ’. ವಿಚಿತ್ರ, ನಿಗೂಢ, ನೋಡಿದರೆ ಏನೋ ಸರಿಯಿಲ್ಲ ಅನ್ನಿಸುವಂಥದ್ದು. ಅಲ್ಲಿ ದೆವ್ವದ ಕಥೆಗೆ ‘ಕೈದಾನ್’ ಅನ್ನುತ್ತಾರೆ, ಅದರಲ್ಲಿರುವುದೂ ಇದೇ ಕೈ. ಎರಡನೆಯ ಅಕ್ಷರ ‘ಜೂ’, ಅಂದರೆ ಮೃಗ. ಎರಡೂ ಸೇರಿದರೆ ವಿಚಿತ್ರ ಮೃಗ, ಅಷ್ಟೇ. (ನಮ್ಮ ಕೈಗೂ, ಮೈಸೂರಿನ ಝೂಗೂ ಸಂಬಂಧವಿಲ್ಲ.) ದೊಡ್ಡದು ಅಂತ ಒತ್ತಿ ಹೇಳಬೇಕಾದರೆ ಮುಂದೆ ‘ದೈ’ ಸೇರಿಸಿ ‘ದೈಕೈಜೂ’ ಅನ್ನಬೇಕು.

ಕನ್ನಡದಲ್ಲಿ ರಾಕ್ಷಸ ಅನ್ನಬಹುದೇ? ನನಗೆ ಒಪ್ಪಿಗೆಯಿಲ್ಲ. ನಮ್ಮ ರಾಕ್ಷಸರಿಗೆ ಮಾತು ಬರುತ್ತದೆ, ಅರಮನೆ ಇರುತ್ತದೆ, ತಪಸ್ಸು ಮಾಡಿ ವರ ಕೇಳುವಷ್ಟು ತಾಳ್ಮೆಯೂ ಇರುತ್ತದೆ. ಪೆಡಂಭೂತ ಸ್ವಲ್ಪ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಭೂತ ಜಾಸ್ತಿ, ಮೃಗ ಕಡಿಮೆ. ಸುಮ್ನೆ ಕೈಜೂ ಅಂತಲೇ ಇಟ್ಟುಕೊಳ್ಳೋಣ.

ಹಾಗಾದರೆ ಆ ಎತ್ತರ ಎಲ್ಲಿಂದ ಬಂತು? ದುಡ್ಡಿನಿಂದ. 1954ರ ಗಾಡ್ಜಿಲ್ಲಾಗೆ 50 ಮೀಟರ್ ಎತ್ತರ ಅಂತ ಲೆಕ್ಕ. ಒಳಗಿದ್ದದ್ದು ರಬ್ಬರ್ ವೇಷ ತೊಟ್ಟ ಮನುಷ್ಯ. ಅವನು ದೊಡ್ಡವನಾಗಿ ಕಾಣಲಿ ಅಂತ 25ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಪುಟಾಣಿ ಟೋಕಿಯೊ ಕಟ್ಟಿದರು. ಕ್ಯಾಮೆರಾದೊಳಗಿನ ಫಿಲ್ಮನ್ನು ಮಾಮೂಲಿಗಿಂತ ಜೋರಾಗಿ ಓಡಿಸಿ ಚಿತ್ರ ತೆಗೆದರು. ತೆರೆಯ ಮೇಲೆ ಚಲನೆ ನಿಧಾನವಾಗಿ ಕಂಡಿತು, ಮೈಗೆ ತೂಕ ಬಂತು. ಇದರ ಹಿಂದಿದ್ದ ಕೈಚಳಕ ಎಯ್ಜಿ ತ್ಸುಬುರಾಯಾ ಅವರದು. ಮುಂದೆ ಅವರದೇ ಕಂಪನಿ 1966ರಲ್ಲಿ ಟಿವಿಗೆ ‘ಅಲ್ಟ್ರಾಮ್ಯಾನ್’ ತಂದಿತು, ಕೈಜೂಗಳ ಜೊತೆ ಹೊಡೆದಾಡುವ ದೈತ್ಯ ನಾಯಕನ ಧಾರಾವಾಹಿ. ವಾರಕ್ಕೊಂದು ಕಂತು, ಕಂತಿಗೊಂದು ಕೈಜೂ.

ವಾರವಾರವೂ ಹೊಸ ವೇಷ ಹೊಲಿಸಲು ಯಾರ ಹತ್ತಿರ ದುಡ್ಡಿರುತ್ತದೆ? ಹಳೆಯದಕ್ಕೇ ಕೊಂಬು ಅಂಟಿಸಿ, ಬಣ್ಣ ಬಳಿದು, ಹೆಸರು ಬದಲಿಸಿದರು. 1965ರ ಒಂದು ಸಿನಿಮಾಕ್ಕೆ ಮಾಡಿದ ಬರಗೋನ್ ಎಂಬ ಮೃಗದ ವೇಷವೇ ಆಮೇಲೆ ಪಗೋಸ್ ಆಯಿತು, ನೆರೋಂಗ ಆಯಿತು, ಮಗುಲಾ ಆಯಿತು, ಗಬೋರ ಆಯಿತು. ಅಲ್ಟ್ರಾಮ್ಯಾನ್‌ನ 10ನೇ ಕಂತಿನಲ್ಲಿ ಬರುವ ಜಿರಾಸ್ ಅಂತೂ ಕುತ್ತಿಗೆಗೆ ದೊಡ್ಡ ಪಟ್ಟಿ ಕಟ್ಟಿಕೊಂಡ ಗಾಡ್ಜಿಲ್ಲಾನೇ.

ಇಷ್ಟಾದರೂ ಪುಟಾಣಿ ಊರಾದರೂ ಇತ್ತು. 1970ರಲ್ಲಿ ಅದೂ ಹೋಯಿತು. ಆ ವರ್ಷ ಟಿಬಿಎಸ್ ವಾಹಿನಿಯಲ್ಲಿ ‘ಅಲ್ಟ್ರಾ ಫೈಟ್’ ಶುರುವಾಯಿತು. ಜಾಹೀರಾತೂ ಸೇರಿ ಐದು ನಿಮಿಷದ ಕಾರ್ಯಕ್ರಮ. ಮೊದಮೊದಲು ಹಳೆಯ ಕಂತುಗಳಿಂದ ಹೊಡೆದಾಟದ ತುಣುಕು ಕತ್ತರಿಸಿ, ಕುಸ್ತಿ ಪಂದ್ಯಕ್ಕೆ ಕೊಡುವ ಹಾಗೆ ವೀಕ್ಷಕ ವಿವರಣೆ ಸೇರಿಸಿ ಬಿಟ್ಟರು. ತುಣುಕುಗಳು ಮುಗಿದವು, ಮಕ್ಕಳಿಗೆ ಸಾಕಾಗಲಿಲ್ಲ. ಆಗ ಜಾತ್ರೆ ಪ್ರದರ್ಶನಗಳಂಥ ಕಡೆ ಬಳಸಿ ಸವೆದಿದ್ದ ವೇಷಗಳನ್ನು ಕಡಲ ದಂಡೆಗೂ ಬಯಲಿಗೂ ಹೊತ್ತುಕೊಂಡು ಹೋಗಿ ಹೊಸದಾಗಿ ಹೊಡೆದಾಡಿಸಿದರು.

ಇದರ ಮುಂದಿನ ಮೆಟ್ಟಿಲು 1972ರ ‘ರೆಡ್‌ಮ್ಯಾನ್’. ನಿಪ್ಪೊನ್ ಟಿವಿಯ ಬೆಳಗಿನ ಮಕ್ಕಳ ಕಾರ್ಯಕ್ರಮದ ನಡುವೆ ಬರುತ್ತಿದ್ದ ಪುಟ್ಟ ತುಣುಕು, ಒಟ್ಟು 138 ಕಂತು. ಕಥೆ ಇಲ್ಲ. ಮನುಷ್ಯರಿಲ್ಲ. ಮಾತು ಅಂದರೆ ‘ರೆಡ್ ಫೈಟ್!’ ಅನ್ನುವ ಕೂಗು, ಆಮೇಲೆ ಒಂದೊಂದು ಏಟಿನ ಹೆಸರು. ಒಂದು ಗುಡ್ಡ, ಒಣ ಹುಲ್ಲು, ಅಲ್ಲೊಂದೋ ಎರಡೋ ಕೈಜೂ. ಕೆಂಪು ಮೈಯ ನಾಯಕ ಓಡಿ ಬರುತ್ತಾನೆ, ಒದೆಯುತ್ತಾನೆ, ರೆಡ್ ನೈಫ್ ಎಂಬ ಚಾಕುವಿನಿಂದಲೋ ರೆಡ್ ಆರೋ ಎಂಬ ಈಟಿಯಿಂದಲೋ ಇರಿಯುತ್ತಾನೆ. ಕೆಲವೊಮ್ಮೆ ಎತ್ತಿ ಬಂಡೆಯ ಮೇಲಿಂದ ಕೆಳಗೆ ಎಸೆಯುತ್ತಾನೆ, ಅದಕ್ಕೂ ‘ರೆಡ್ ಫಾಲ್’ ಅಂತ ಹೆಸರಿದೆ. ಮುಗಿಯಿತು.

ಇಲ್ಲಿ ಎಲೆಕಿಂಗ್ ಎಂಬ ಕೈಜೂವನ್ನು ನೋಡಿ. ಬಿಳಿ ಮೈ, ಕಪ್ಪು ಪಟ್ಟೆ, ಕಣ್ಣಿನ ಜಾಗದಲ್ಲಿ ತಿರುಗುವ ಕೊಂಬು. ಅಲ್ಟ್ರಾಮ್ಯಾನ್ ಆದಮೇಲೆ ಅದೇ ಕಂಪನಿ ತಂದ 1967ರ ಧಾರಾವಾಹಿ ‘ಅಲ್ಟ್ರಾಸೆವೆನ್’ನಲ್ಲಿ ಅದು ಸರೋವರದಿಂದ ಎದ್ದು ಬಂದಾಗ 53 ಮೀಟರ್ ಎತ್ತರ. ರೆಡ್‌ಮ್ಯಾನ್‌ನಲ್ಲಿ ಅದೇ ಎಲೆಕಿಂಗ್ ಗುಡ್ಡದ ಹುಲ್ಲಿನ ನಡುವೆ ನಿಂತಿದೆ, ಹುಲ್ಲು ಮೊಣಕಾಲು ಮುಟ್ಟುತ್ತಿದೆ. ಪಕ್ಕದಲ್ಲಿ ಮರವಿದ್ದರೆ ಮರವೇ ಎತ್ತರ. ವೇಷ ಸುಕ್ಕುಗಟ್ಟಿದೆ. ಆದರೂ ನೋಡುವ ಮಗು ‘ಇದ್ಯಾರೋ ವೇಷ ಹಾಕ್ಕೊಂಡಿದ್ದಾರೆ’ ಅನ್ನುವುದಿಲ್ಲ, ‘ಎಲೆಕಿಂಗ್!’ ಅನ್ನುತ್ತದೆ. ಅದರ ಹೆಸರು, ಊರು, ಶಕ್ತಿ, ಹಿಂದೆ ಯಾರ ಕೈಲಿ ಸತ್ತಿತ್ತು ಎಲ್ಲವೂ ಆ ಮಗುವಿಗೆ ಬಾಯಿಪಾಠ. ನನ್ನ ಪ್ರಕಾರ ಈ ಪದದ ನಿಜವಾದ ಅರ್ಥ ಇಲ್ಲಿದೆ. ಕೈಜೂ ಅಂದರೆ ಅಳತೆಯಲ್ಲ, ಹೆಸರಿರುವ ಮೃಗ. ದುಡ್ಡಿದ್ದಾಗ ಅದು ಊರು ಕೆಡವುತ್ತದೆ. ಇಲ್ಲದಿದ್ದಾಗ ಬಯಲಿನಲ್ಲಿ ನಿಂತು ಒದೆ ತಿನ್ನುತ್ತದೆ.

ಅಂದಹಾಗೆ, ಎಲ್ಲ ವೇಷಧಾರಿಗಳೂ ಕೈಜೂ ಅಲ್ಲ. ಮನುಷ್ಯನ ಆಕಾರದ ದುಷ್ಟನಿಗೆ ‘ಕೈಜಿನ್’ ಅನ್ನುತ್ತಾರೆ. 1971ರಲ್ಲಿ ಶುರುವಾದ ‘ಕಾಮೆನ್ ರೈಡರ್’ ಎಂಬ ಟಿವಿ ಧಾರಾವಾಹಿಯ ತುಂಬ ಇವರೇ. ಬೇರೆ ಗ್ರಹದವನು ‘ಉಚೂಜಿನ್’. ಜಪಾನಿನ ಮಕ್ಕಳು ಇದರಲ್ಲಿ ಎಡವುವುದಿಲ್ಲ, ನಾವು ದೊಡ್ಡವರು ಎಡವುತ್ತೇವೆ.

ರೆಡ್‌ಮ್ಯಾನ್‌ಗೆ ಎರಡನೇ ಜನ್ಮ ಬಂದದ್ದು 2016ರಲ್ಲಿ, ತ್ಸುಬುರಾಯಾ ಕಂಪನಿ ಅದರ ಕಂತುಗಳನ್ನು ಯೂಟ್ಯೂಬ್‌ಗೆ ಹಾಕಿದಾಗ. ಈಗಿನವರು ನೋಡಿ ಬೆಚ್ಚಿಬಿದ್ದರು, ನಕ್ಕರು. ಕೈಜೂಗಳು ಎಷ್ಟೋ ಸಲ ಏನೂ ಮಾಡಿರುವುದಿಲ್ಲ, ಸುಮ್ಮನೆ ನಿಂತಿರುತ್ತವೆ ಅಥವಾ ತಮ್ಮ ಪಾಡಿಗೆ ಅಡ್ಡಾಡುತ್ತಿರುತ್ತವೆ. ಈ ಕೆಂಪಣ್ಣ ಹುಡುಕಿಕೊಂಡು ಬಂದು ಇರಿದು ಹೋಗುತ್ತಾನೆ. ಹಾಗಾಗಿ ಅಭಿಮಾನಿಗಳು ಅವನಿಗೆ ‘ಅಕಾಯ್ ತೋರಿಮಾ’ ಅಂತ ಅಡ್ಡಹೆಸರಿಟ್ಟರು. ಅಕಾಯ್ ಅಂದರೆ ಕೆಂಪು. ತೋರಿಮಾ ಅಂದರೆ ದಾರಿಯಲ್ಲಿ ಸಿಕ್ಕ ಗುರುತಿಲ್ಲದವರಿಗೆ ಕಾರಣವಿಲ್ಲದೆ ಚಾಕು ಹಾಕುವವನು. ಆ ಪದದ ಕೊನೆಯ ‘ಮಾ’ಗೆ ಅರ್ಥ ಪಿಶಾಚಿ. ಮೃಗಕ್ಕೆ ಮೃಗದ ಹೆಸರು ಉಳಿಯಿತು, ಪಿಶಾಚಿ ಅನ್ನುವ ಹೆಸರು ನಾಯಕನ ಪಾಲಾಯಿತು.