ಮಕುಶಿ ಬೇರೆ, ಮಕುಕ್ಸಿ ಬೇರೆಯಾ?

ಪ್ರಶ್ನೆ: ಗಯಾನಾದಲ್ಲಿ ಮಕುಶಿ, ಬ್ರೆಜಿಲ್‌ನಲ್ಲಿ ಮಕುಕ್ಸಿ ಅಂತ ಎರಡು ಬುಡಕಟ್ಟು ಭಾಷೆಗಳಿವೆಯಲ್ಲ, ಅವೆರಡಕ್ಕೂ ಏನು ಸಂಬಂಧ?

ಉತ್ತರ: ಎರಡಿದ್ದರೆ ತಾನೇ ಸಂಬಂಧ? ಇರುವುದು ಒಂದೇ ಭಾಷೆ. ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ಇಟ್ಟಿಲ್ಲ. ಬ್ರೆಜಿಲ್‌ನವರು ಈ ಹೆಸರನ್ನು 'ಎಕ್ಸ್' ಅಕ್ಷರ ಹಾಕಿ ಬರೆಯುತ್ತಾರೆ. ಪೋರ್ಚುಗೀಸರ ಆ ಅಕ್ಷರಕ್ಕೆ ಇಲ್ಲಿ 'ಶ' ಸದ್ದು. ಅದನ್ನು 'ಕ್ಸಿ' ಮಾಡಿದ್ದು ಇಂಗ್ಲಿಷ್ ಕಲಿತ ನಮ್ಮ ನಾಲಿಗೆ.

ಇಷ್ಟಕ್ಕೇ ಬಿಡುವುದಿಲ್ಲ ಕೆಲವರು. 'ದೇಶ ಬೇರೆ ಅಂದಮೇಲೆ ಜನ ಬೇರೆ ಇರಲೇಬೇಕಲ್ವಾ?' ಯಾಕಿರಬೇಕು? ಆ ಗಡಿ ಬಂದಿದ್ದೇ ಮೊನ್ನೆ ಮೊನ್ನೆ. ಗಯಾನಾ ಆಗ ಬ್ರಿಟನ್ನಿನ ವಸಾಹತು, ಬ್ರಿಟನ್ನಿಗೂ ಬ್ರೆಜಿಲ್ಲಿಗೂ ಜಾಗದ ಜಗಳ ಇತ್ತು. 1904ರಲ್ಲಿ ಇಟಲಿಯ ರಾಜ ಪಂಚಾಯ್ತಿ ಮಾಡಿ, ಇರೆಂಗ್ ಮತ್ತು ಟಕುಟು ನದಿಗಳೇ ಗಡಿ ಎಂದ. ಮಕುಶಿ ಜನ ಅದಕ್ಕೂ ಎಷ್ಟೋ ಮೊದಲಿಂದ ಅಲ್ಲಿದ್ದರು. ಬೆಳಗಾಗುವಷ್ಟರಲ್ಲಿ ಅರ್ಧ ನೆಂಟರು ಬೇರೆ ದೇಶದವರಾದರು. ವೆನೆಜುವೆಲಾದಲ್ಲೂ ಸ್ವಲ್ಪ ಜನ ಇದ್ದಾರೆ. ಹಾಗಂತ ಮೂರನೇ ಭಾಷೆ ಹುಟ್ಟಿಸಬೇಡಿ, ದಯವಿಟ್ಟು.

ಟಕುಟು ಮೇಲೆ 2009ರಲ್ಲಿ ಸೇತುವೆ ಆಯಿತು. ಗಯಾನಾದಲ್ಲಿ ನಮ್ಮ ಹಾಗೆ ಎಡಗಡೆ ಗಾಡಿ ಓಡಿಸುತ್ತಾರೆ, ಬ್ರೆಜಿಲ್‌ನಲ್ಲಿ ಬಲಗಡೆ. ದಾಟುವಾಗ ಗಾಡಿ ಮಗ್ಗಲು ಬದಲಿಸಬೇಕು. ಮಕುಶಿ ಮಾತಾಡುವವರು ಭಾಷೆ ಬದಲಿಸಬೇಕಿಲ್ಲ. ಆಚೆ ಪೋರ್ಚುಗೀಸ್ ಪದ ಜಾಸ್ತಿ, ಈಚೆ ಇಂಗ್ಲಿಷ್ ಪದ ಜಾಸ್ತಿ, ಅಷ್ಟೇ.

ನಿಜವಾಗಿ ಬೇರೆ ಭಾಷೆ ಬೇಕಾ? ಪಕ್ಕದಲ್ಲೇ ಇದೆ, ವಪಿಶಾನಾ. ಅದು ಅರವಾಕ್ ಕುಟುಂಬದ್ದು, ಮಕುಶಿ ಕರಿಬ್ ಕುಟುಂಬದ್ದು. ನೆರೆಹೊರೆಯವರು, ಆದರೆ ಭಾಷೆಯಲ್ಲಿ ರಕ್ತಸಂಬಂಧ ಇಲ್ಲ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹಿಂದಿ ಕಲಿಯುವಾಗ 'ನೇ' ಜೊತೆ ಒದ್ದಾಡಿದ್ದು ನೆನಪಿದೆಯಾ? 'ತಿಮ್ಮ ಬಂದ' ಅನ್ನುವಾಗ ಬೇಡ, 'ತಿಮ್ಮ ಮೀನು ತಿಂದ' ಅನ್ನುವಾಗ ಬೇಕು. ಹೆಚ್ಚುಕಡಿಮೆ ಅದೇ ಕೆಲಸಕ್ಕೆ ಮಕುಶಿಯಲ್ಲಿ 'ಯಾ' ಇದೆ. ಬಂದರೆ ಬರೀ ತಿಮ್ಮ, ಮೀನು ತಿಂದರೆ ತಿಮ್ಮ-ಯಾ. ಅದೂ ಎಷ್ಟೋ ಸಲ ಮಾಡಿದವನ ಹೆಸರು ಕೊನೆಗೆ ಬರುತ್ತದೆ: ಮೀನು, ತಿಂದ, ತಿಮ್ಮ-ಯಾ. ಅವರಿಗೆ ಅಲ್ಲಿಗೆ ಮಾತು ಮುಗಿಯಿತು. ಕನ್ನಡದಲ್ಲಿ ಅದೇ ಸಾಲಿಗೆ 'ಮೀನು ತಿಂದ ತಿಮ್ಮ' ಅಂದು ನೋಡಿ, ಅವನು ಆಮೇಲೆ ಏನು ಮಾಡಿದ ಅಂತ ಕಾಯುತ್ತಾ ಕೂರಬೇಕು.